ಎರಡು ಕಿಲೋ ಅಕ್ಕಿಗೆ ಮಿಲಿಟ್ರಿ ಬ್ಯಾಗು

ನಮ್ಮ ಚಾವಡಿಯ ಗೋಡೆಯಲ್ಲಿ ಒಂದು ದಪ್ಪ ಮೊಳೆ ಉಂಟು. ಮೊದಲು ಅದರಲ್ಲಿ ನನ್ನ ಗಂಡನ ಕೊಡೆ ನೇತಾಡುತ್ತಿತ್ತು. ಗಂಡ ಹೋದರು, ಕೊಡೆಯೂ ಹೋಯಿತು. ಅವರ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ ಬಂದವರಲ್ಲಿ ಯಾರೋ ಮಳೆ ಬಂತೆಂದು ಹಿಡಿದುಕೊಂಡು ಹೋದವರು ವಾಪಸು ತರಲಿಲ್ಲ. ಈಗ ಅದೇ ಮೊಳೆಯಲ್ಲಿ ಒಂದು ಬ್ಯಾಗು ನೇತಾಡುತ್ತಾ ಉಂಟು. ಹಸಿರು ಬಣ್ಣ, ಗೋಣಿಗಿಂತ ದಪ್ಪ ಬಟ್ಟೆ, ಕಬ್ಬಿಣದ ಬಕಲು. ಬಂದವರೆಲ್ಲ ಅದನ್ನು ಒಮ್ಮೆ ನೋಡಿ, "ಎಂತ ಪೂವಕ್ಕ, ಮನೆಯಿಂದ ಯಾರಾದರೂ ಮಿಲಿಟ್ರಿಗೆ ಸೇರಿದರಾ?" ಎಂದು ಕೇಳುತ್ತಾರೆ. ನಾನೇ ಸೇರಿದ್ದು ಎನ್ನುತ್ತೇನೆ. ನಗುತ್ತಾರೆ. ನಗುವವರ ಎಲುಬು ಗಟ್ಟಿ ಉಂಟು, ನಗಲಿ.

ನಾನು ಬಿದ್ದದ್ದು ಹೋದ ಮಳೆಗಾಲದಲ್ಲಿ. ಗುಡ್ಡೆಯಿಂದಲೋ ಮರದಿಂದಲೋ ಬಿದ್ದದ್ದಾದರೆ ಹೇಳಲಿಕ್ಕೆ ಒಂದು ಮರ್ಯಾದೆ ಇತ್ತು. ಕೋಳಿ ಓಡಿಸಲು ಹೋಗಿ ನಮ್ಮದೇ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ. ಕೋಳಿಗೆ ಎಂತದೂ ಆಗಲಿಲ್ಲ. ನನ್ನ ಬಲಗೈಯ ಮಣಿಗಂಟು ಮುರಿಯಿತು. ಕೈಯನ್ನು ಬಿಳಿ ಸಿಮೆಂಟಿನಲ್ಲಿ ಹಾಕಿ ಕೊರಳಿಗೆ ನೇತಾಡಿಸಿದರು. ಅದು ಬಿಚ್ಚುವ ಹೊತ್ತಿಗೆ ಮಣಿಗಂಟು ಸರಿಯಾಯಿತು, ಹೆಗಲು ಹಿಡಿದುಕೊಂಡಿತು. ಒಂದು ರಿಪೇರಿ ಮಾಡಲು ಕೊಟ್ಟರೆ ಇನ್ನೊಂದು ಹಾಳಾಗಿ ಬರುದು ಮಿಕ್ಸಿಗೆ ಮಾತ್ರ ಎಂದು ತಿಳಿದಿದ್ದೆ.

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟ್ರು ಒಬ್ಬಳು ಸಣ್ಣ ಹುಡುಗಿ. ನನ್ನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖದ ಫೋಟೋ ಅಲ್ಲ, ಎಲುಬಿನದ್ದು.

"ಅಜ್ಜಿ, ನಿಮ್ಮ ಎಲುಬು ಟೊಳ್ಳಾಗಿದೆ. ಮಾತ್ರೆ ಕೊಡ್ತೇನೆ. ಮಾತ್ರೆ ಒಂದೇ ಸಾಕಾಗುದಿಲ್ಲ. ಬೆನ್ನಿಗೆ ಸ್ವಲ್ಪ ತೂಕ ಹಾಕಿಕೊಂಡು ದಿನಾ ಬಿಸಿಲಲ್ಲಿ ನಡೀಬೇಕು."

"ತೂಕ ಎಂದರೆ ಎಂತದ್ದು?"

"ಸುರುವಿಗೆ ಎರಡು ಕಿಲೋ ಅಕ್ಕಿ ಸಾಕು."

"ಅಕ್ಕಿಯನ್ನು ಎಲ್ಲಿಗೆ ಕೊಂಡುಹೋಗುದು?"

"ಎಲ್ಲಿಗೂ ಇಲ್ಲ. ಹೊತ್ತುಕೊಂಡು ಹೋಗುದು, ಹೊತ್ತುಕೊಂಡು ಬರುದು."

ನಾನು ಮೊಮ್ಮಗಳ ಮುಖ ನೋಡಿದೆ. ಶ್ರುತಿ ನನ್ನ ಮಗನ ಮಗಳು, ಪುತ್ತೂರಿನಲ್ಲೇ ಕಾಲೇಜಿಗೆ ಹೋಗುದು. ಡಾಕ್ಟ್ರು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾ ಕೂತಿದ್ದಳು. ಅಷ್ಟಕ್ಕೇ ಆದರೆ ತಲೆಯಲ್ಲಿ ಹೊರುತ್ತೇನೆ, ಅದು ನನಗೆ ಅಭ್ಯಾಸ ಉಂಟು ಎಂದೆ. ತಲೆಯಲ್ಲಿ ಬೇಡವೇ ಬೇಡ, ಕತ್ತಿನ ಎಲುಬೂ ಸವೆದಿದೆ ಎಂದಳು ಡಾಕ್ಟ್ರು.

"ಹೊರದಿದ್ದರೆ ಎಂತ ಆಗ್ತದೆ?"

"ಇನ್ನೊಮ್ಮೆ ಬಿದ್ದರೆ ಸೊಂಟ ಹೋಗ್ತದೆ ಅಜ್ಜಿ. ಆಮೇಲೆ ಹಾಸಿಗೆಯೇ."

ಸಾಯುದಕ್ಕೆ ನನಗೆ ಹೆದರಿಕೆ ಇಲ್ಲ, ಸತ್ತವರಿಗೆ ಕೆಲಸ ಕಡಿಮೆ. ಹಾಸಿಗೆಗೆ ಹೆದರಿಕೆ ಉಂಟು. ನನ್ನ ಅತ್ತೆ ಸೊಂಟ ಮುರಿದುಕೊಂಡು ಒಳಗಿನ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿದವರು. ನಿಂತಿದ್ದಾಗ ಇಡೀ ಮನೆಯನ್ನು ಒಂದು ಕೆಮ್ಮಿನಲ್ಲಿ ನಡುಗಿಸುತ್ತಿದ್ದ ಹೆಂಗಸು. ಮಲಗಿದ ಮೇಲೆ ಮಗ್ಗುಲು ತಿರುಗಬೇಕಾದರೂ ಇಬ್ಬರು ಸೊಸೆಯಂದಿರು ಬೇಕು. ಒಬ್ಬಳು ನಾನು. ಇನ್ನೊಬ್ಬಳು ದೇವಕಿ, ನನ್ನ ಮೈದುನನ ಹೆಂಡತಿ. ಅವಳು ಆ ಕಡೆ, ನಾನು ಈ ಕಡೆ ನಿಂತು, ಕೆಳಗೆ ಹಾಸಿದ ಹಳೇ ಸೀರೆಯನ್ನು ಹಿಡಿದು ಎತ್ತಿ ತಿರುಗಿಸುದು. ನಾವಿಬ್ಬರು ತಿರುಗಿಸಿದರೆ ಉಂಟು, ಇಲ್ಲದಿದ್ದರೆ ಅತ್ತೆ ಮಾಡಿನ ಜಂತಿ ನೋಡಿಕೊಂಡೇ ಇರಬೇಕು. ಆಗ ಅವರು ನಮ್ಮನ್ನು ನೋಡುತ್ತಿದ್ದ ನೋಟ ನನಗೆ ಗೊತ್ತು. ಆ ನೋಟವನ್ನು ನಾನು ನನ್ನ ಸೊಸೆಯ ಮೇಲೆ ಹಾಕುದಿಲ್ಲ. ಅವಳು ಗೇರುಬೀಜದ ಫ್ಯಾಕ್ಟರಿಯ ವ್ಯಾನಿಗೆ ಏಳಕ್ಕೇ ಓಡುವವಳು, ನೋಡಲಿಕ್ಕೆ ಅವಳಿಗೆ ಪುರ್ಸೊತ್ತೂ ಇಲ್ಲ.

ಹಾಗಾಗಿ ಹೊರುದೆಂದು ತೀರ್ಮಾನ ಆಯಿತು.

ಹೊರೆ ಎಂದರೆ ಎಂತದೆಂದು ನನಗೆ ಯಾರೂ ಹೇಳಿಕೊಡುದು ಬೇಡ. ನಮ್ಮ ಊರು ಮರ್ಕಂಜದ ಗುಡ್ಡೆಯಿಂದ ಸೊಪ್ಪಿನ ಹೊರೆ, ಸೌದೆಯ ಹೊರೆ, ಮಾಡಿಗೆ ಹಾಕುವ ಮುಳಿಹುಲ್ಲಿನ ಹೊರೆ, ಎಲ್ಲ ಇಳಿದದ್ದು ಈ ತಲೆಯ ಮೇಲೆ. ಮುಳಿಹುಲ್ಲು ಹೊತ್ತರೆ ಮುಖವೇ ಕಾಣುದಿಲ್ಲ, ದೂರದಿಂದ ನೋಡಿದವರಿಗೆ ಹುಲ್ಲಿಗೆ ಎರಡು ಕಾಲು ಬಂದು ನಡೆಯುವ ಹಾಗೆ ಕಾಣುತ್ತದೆ. ನನ್ನ ನಡಿಗೆ ಚಂದ ಎಂದು ಯಾರಾದರೂ ಆಗ ಹೇಳಿದ್ದರೆ ಅದು ಹುಲ್ಲಿಗೆ ಹೇಳಿದ್ದೇ ಇರಬೇಕು.

ಆದರೆ ತಲೆಹೊರೆಯಲ್ಲಿ ಒಂದು ಸಂಗತಿ ಉಂಟು. ನೀವು ಎಷ್ಟು ಗಟ್ಟಿ ಹೆಂಗಸಾದರೂ ನಿಮ್ಮ ಹೊರೆಯನ್ನು ನೀವೇ ತಲೆಗೆ ಏರಿಸಲು ಆಗುದಿಲ್ಲ. ಇನ್ನೊಬ್ಬಳು ಬೇಕು. ಹೊರೆಯ ಒಂದು ಬದಿ ನೀವು ಹಿಡಿಯುದು, ಇನ್ನೊಂದು ಬದಿ ಅವಳು ಹಿಡಿಯುದು, "ಹೂಂ" ಎಂದು ಎತ್ತಿ ತಲೆಯ ಸಿಂಬಿಯ ಮೇಲೆ ಕೂರಿಸುದು. ಸಿಂಬಿ ಎಂದರೆ ಬಟ್ಟೆ ಸುತ್ತಿ ಮಾಡಿದ ಬಳೆಯಂತದ್ದು, ಅದಿಲ್ಲದಿದ್ದರೆ ನೆತ್ತಿಯ ಕೂದಲು ಹೊರೆಯ ಜೊತೆಯೇ ಪೇಟೆಗೆ ಹೋಗುತ್ತದೆ. ಅಲ್ಲಿ ಇದ್ದವರು ಯಾರೇ ಆಗಲಿ, "ಒಂದು ಕೈ ಕೊಡಿ" ಎಂದರೆ ಕೊಡಲೇಬೇಕು. ದಾರಿಯಲ್ಲಿ ಹೋಗುವ ಗೊತ್ತಿಲ್ಲದವರಾದರೂ ಕೊಡಬೇಕು. ಜಗಳ ಆಡಿದವರಾದರೂ ಕೊಡಬೇಕು. ಹೊರೆ ಏರಿಸುವಾಗ ಆಡಿದ ಮಾತನ್ನು ನಮ್ಮ ಕಡೆ ಮಾತಿನ ಲೆಕ್ಕಕ್ಕೆ ಹಿಡಿಯುದಿಲ್ಲ. ಏರಿಸಿ ಆದ ಮೇಲೆ ಮುಖ ತಿರುಗಿಸಿ ಮತ್ತೆ ಮಾತು ಬಿಟ್ಟುಕೊಂಡೇ ಇರಬಹುದು, ಯಾರೂ ಕೇಳುದಿಲ್ಲ.

ಈಗಿನವರ ಹೊರೆಯೇ ಬೇರೆ. ಸವಣೂರಿನಲ್ಲಿ ನನ್ನ ತಂಗಿಯ ಮನೆ. ಅಲ್ಲಿಗೆ ಹೋಗಿದ್ದಾಗ ಬೆಳಿಗ್ಗೆ ಒಬ್ಬರು ರಸ್ತೆಯಲ್ಲಿ ಬಿರಬಿರನೆ ಬರುತ್ತಿದ್ದರು. ಬ್ಯಾಂಕಿನಲ್ಲಿ ಇದ್ದು ರಿಟೈರಾದವರಂತೆ. ಎರಡು ಕೈಯಲ್ಲಿ ಎರಡು ಬಾಟ್ಲಿ. ಪಾಪ, ದಾರಿಯಲ್ಲಿ ಪೆಟ್ರೋಲು ಮುಗಿಯಿತೋ ಏನೋ ಎಂದುಕೊಂಡು ಕೇಳಿದೆ.

"ಎಲ್ಲಿಗೆ ಹೊರಟದ್ದು ಸಾರ್?"

"ಎಲ್ಲಿಗೂ ಇಲ್ಲಮ್ಮ, ವಾಕಿಂಗು."

"ಬಾಟ್ಲಿಯಲ್ಲಿ ಎಂತ?"

"ಮರಳು."

ಕಟ್ಟಡಕ್ಕೆ ಮರಳು ಸಿಗುದಿಲ್ಲ ಎಂದು ಊರಿಡೀ ಬೊಬ್ಬೆ ಹೊಡೆಯುವಾಗ ಇವರು ಅದಕ್ಕೆ ಊರು ತೋರಿಸಿಕೊಂಡು ಬರುತ್ತಿದ್ದರು. ಮನೆಯ ಗೇಟು ತೆಗೆಯಲು ಒಬ್ಬ ಆಳು, ಕಾರು ತೊಳೆಯಲು ಒಬ್ಬ ಆಳು, ಅಂಗಡಿಯಿಂದ ಹಾಲು ತರಲು ಒಬ್ಬ ಆಳು. ಮರಳು ಮಾತ್ರ ತಾವೇ ಹೊರುದು. ಆ ಹಾಲಿನ ತೊಟ್ಟೆಯನ್ನೇ ಹಿಡಿದುಕೊಂಡು ಬಂದಿದ್ದರೆ ಎಲುಬಿಗೂ ಆಗುತ್ತಿತ್ತು, ಚಾಯಕ್ಕೂ ಆಗುತ್ತಿತ್ತು. ಇಷ್ಟು ನಗಾಡಿದವಳು ನಾನು. ಈಗ ನನ್ನ ಸರದಿ ಬಂತು.

ಬ್ಯಾಗು ಆರಿಸುದೆಂದರೆ ಶ್ರುತಿಗೆ ಹೆಣ್ಣು ನೋಡುವ ಶಾಸ್ತ್ರದಷ್ಟು ದೊಡ್ಡದು. ನಾಲ್ಕು ದಿನ ಮೊಬೈಲಿನಲ್ಲಿ ಬ್ಯಾಗಿನ ವಿಡಿಯೋ ನೋಡಿದಳು, ನನಗೂ ತೋರಿಸಿದಳು. ಒಬ್ಬ ಬಿಳಿಯ ಗಡ್ಡದವನು ಬ್ಯಾಗಿನೊಳಗೆ ಕಬ್ಬಿಣದ ತುಂಡು ಹಾಕಿ ಹಿಮದಲ್ಲಿ ನಡೆಯುತ್ತಿದ್ದ. ನಡೆದು ನಡೆದು ಕೊನೆಗೆ ಹೊರಟಲ್ಲಿಗೇ ಬಂದು ನಿಂತು ನಗಾಡಿದ. ಇನ್ನೊಂದು ಬ್ಯಾಗಿಗೆ ಒಂದು ಕೊಳವೆ ಇತ್ತು. ಅದರಲ್ಲಿ ನೀರು ಬರುತ್ತದಂತೆ, ನಡೆಯುತ್ತಲೇ ಕರುವಿನ ಹಾಗೆ ಚೀಪುದಂತೆ. ನನಗೆ ಕೊಳವೆ ಬೇಡ, ದಾರಿಯಲ್ಲಿ ಮನೆಗಳು ಉಂಟು, ನೀರು ಬೆಲ್ಲ ಕೊಡುವವರು ಇನ್ನೂ ಸತ್ತಿಲ್ಲ ಎಂದೆ.

ಕೊನೆಗೆ ಬಸ್ಸು ಹತ್ತಿ ಸುಳ್ಯಕ್ಕೆ ಹೋಗಿ, ಅಲ್ಲಿಂದ ಜಾಲ್ಸೂರು ದಾಟಿ ಪುತ್ತೂರಿಗೆ ಬಂದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬ್ಯಾಗಿನ ಅಂಗಡಿ. ಅಂಗಡಿಯವರು ಬ್ಯಾರಿಗಳು, ಶ್ರುತಿ ಅವರನ್ನು ಹಮೀದಾಕ ಎಂದು ಕರೆಯುದು. ನನ್ನಷ್ಟಲ್ಲದಿದ್ದರೂ ವಯಸ್ಸಾದ ಜನ. ನನಗೆ ಸ್ಟೂಲು ಹಾಕಿದರು.

"ಎಂತಕ್ಕೆ ಬ್ಯಾಗು ಅಮ್ಮ? ಯಾತ್ರೆಗಾ?"

"ಅಕ್ಕಿ ಹೊರುದಕ್ಕೆ."

"ಎಷ್ಟು ಅಕ್ಕಿ?"

"ಎರಡು ಕಿಲೋ."

"ಅದಕ್ಕೆ ಒಂದು ತೊಟ್ಟೆ ಸಾಕಲ್ಲ. ಎಲ್ಲಿಗೆ ಕೊಂಡುಹೋಗುದು?"

"ಗುಡ್ಡೆಯವರೆಗೆ ಹೋಗಿ ವಾಪಸು ತರುದು. ನಾಳೆ ಪುನಃ ಕೊಂಡುಹೋಗುದು."

ಹಮೀದಾಕ ನನ್ನನ್ನು ಬಿಟ್ಟು ಶ್ರುತಿಯನ್ನು ನೋಡಿದರು. ಅಜ್ಜಿಗೆ ತಲೆ ಸರಿ ಉಂಟಾ ಎಂದು ಕಣ್ಣಲ್ಲೇ ಕೇಳಿದರು. ಡಾಕ್ಟ್ರು ಹೇಳಿದ್ದೆಂದು ಶ್ರುತಿ ಹೇಳಿದಳು. "ಹಾಗೆ ಹೇಳಿ ಮಾರಾಯ್ರೆ," ಎಂದು ಅವರಿಗೆ ಸಮಾಧಾನ ಆಯಿತು. ಈಗ ಡಾಕ್ಟ್ರ ಹೆಸರು ಹೇಳಿದರೆ ಮರ ಹತ್ತಿ ಕೂತರೂ ಯಾರೂ ಎಂತದೂ ಕೇಳುದಿಲ್ಲ.

ಬ್ಯಾಗುಗಳು ಒಂದರ ಮೇಲೊಂದು ಇಳಿದವು. ಜಿಪ್ಪಿನೊಳಗೆ ಜಿಪ್ಪು, ಅದರೊಳಗೆ ಇನ್ನೊಂದು ಜಿಪ್ಪು. ಅಡಗಿಸಿಡಲು ನನ್ನ ಹತ್ತಿರ ಎಂತ ಉಂಟು? ಎದೆಗೆ ಒಂದು ಪಟ್ಟಿ, ಸೊಂಟಕ್ಕೆ ಒಂದು ಪಟ್ಟಿ, ಹಗ್ಗ ಹಾಕಿದ ಹೋರಿಯ ಹಾಗೆ. ಶ್ರುತಿ ಒಂದು ನೀಲಿ ಬ್ಯಾಗು ಹಿಡಿದಳು. "ಇದು ತೆಗೊಳ್ಳುವ ಅಜ್ಜಿ. ಹಗುರ ಉಂಟು. ಪಟ್ಟಿ ಅಗಲ, ಒಳಗೆ ಸ್ಪಂಜು ಉಂಟು."

"ಸ್ಪಂಜು ಹಾಸಿಗೆಗೆ ಹಾಕುದು. ನಾನು ಹಾಸಿಗೆ ತಪ್ಪಿಸಲಿಕ್ಕೆ ಬಂದದ್ದು."

ನೀಲಿ ಬ್ಯಾಗಿನ ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿದೆ. ಒಂದೇ ಸಾಲು. ಪಟ್ಟಿಯನ್ನು ಕಾಲಿನಲ್ಲಿ ಮೆಟ್ಟಿ ಎಡಗೈಯಲ್ಲಿ ಎಳೆದೆ, ಕರ್ ಎಂದು ಸದ್ದು ಬಂತು. ಹಮೀದಾಕನ ಮುಖದಿಂದಲೂ ಅದೇ ಸದ್ದು ಬರುವ ಹಾಗೆ ಕಂಡಿತು. "ಮೆಲ್ಲಗೆ ಅಮ್ಮ, ಅದು ಎರಡು ಕಿಲೋ ಅಕ್ಕಿ ಹೊರುವ ಬ್ಯಾಗು, ಎತ್ತಿನ ಗಾಡಿ ಅಲ್ಲ," ಎಂದರು. ನಾನು ಕೇಳಲಿಲ್ಲ. ಮೇಲಿನ ಹಲಗೆಯಲ್ಲಿ ಧೂಳು ತಿಂದುಕೊಂಡು ಕೂತಿದ್ದ ಒಂದು ಹಸಿರು ಬ್ಯಾಗು ನನ್ನ ಕಣ್ಣಿಗೆ ಬಿತ್ತು. ಇಳಿಸಿಕೊಟ್ಟರು. ಖಾಲಿ ಬ್ಯಾಗೇ ಒಂದು ಕುಂಬಳಕಾಯಿಯಷ್ಟು ಭಾರ. ಮೂರು ಸಾಲು ಹೊಲಿಗೆ. ದಾರವನ್ನು ಹಲ್ಲಿನಲ್ಲಿ ಕಚ್ಚಿ ನೋಡಿದೆ, ಅಲ್ಲಾಡಿದ್ದು ಹಲ್ಲು. ಮೆಟ್ಟಿ ಎಳೆದೆ. ಅದು ಬರಲಿಲ್ಲ, ನಾನೇ ಮುಂದೆ ಬಂದೆ.

"ಇದು," ಎಂದೆ.

"ಅದು ಟ್ರೆಕ್ಕಿಂಗಿನವರು ಕೇಳಿದ್ದಾರೆಂದು ತರಿಸಿದ್ದು. ಅವರಿಗೇ ಭಾರ ಆಯಿತು," ಎಂದರು ಹಮೀದಾಕ. ವ್ಯಾಪಾರ ಮಾಡುವವರು ಹೀಗೆ ಹೇಳಿದರೆ ನಿಲ್ಲಿಸಿ ಯೋಚಿಸಬೇಕಿತ್ತು. "ಪಟ್ಟಿ ತುಂಬ ಬಿಗಿ ಉಂಟು ಅಜ್ಜಿ, ಒಮ್ಮೆ ಹಾಕಿ ನೋಡಿ," ಎಂದಳು ಶ್ರುತಿ. ಸೀರೆ ಉಟ್ಟುಕೊಂಡು ಪೇಟೆಯ ಅಂಗಡಿಯಲ್ಲಿ ಬ್ಯಾಗು ಹಾಕಿ ತಿರುಗಿ ತೋರಿಸಲು ನಾನೇನು ಮದುಮಗಳಾ? ಕಟ್ಟಿಸಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೊಲಿಗೆ ತೋರಿಸಿದೆ. ಮರ್ಕಂಜದಲ್ಲಿ ಇಳಿಯುವ ಹೊತ್ತಿಗೆ, ಪೂವಕ್ಕ ಆರಿಸಿದ ಬ್ಯಾಗು ಎಂದು ಊರಿಗೇ ಗೊತ್ತಾಗಿ ಆಗಿತ್ತು.

ಮರುದಿನ ಬೆಳಿಗ್ಗೆ ಮಗ ರಬ್ಬರು ಟ್ಯಾಪಿಂಗಿಗೆ ಹೋದ, ಸೊಸೆ ವ್ಯಾನಿಗೆ ಓಡಿದಳು, ಶ್ರುತಿ ಬಸ್ಸಿಗೆ ಓಡಿದಳು. ಬಿಸಿಲು ಬಂತು. ಕುಚ್ಚಲಕ್ಕಿ ಊಟಕ್ಕೆ ಬೇಕು, ಹಾಗಾಗಿ ಡಬ್ಬದಲ್ಲಿ ಸುಮ್ಮನೆ ಕೂತಿದ್ದ ಬೆಳ್ತಿಗೆ ಅಕ್ಕಿಯನ್ನು ಕಟ್ಟಿ ಬ್ಯಾಗಿಗೆ ಹಾಕಿದೆ. ಅಂಗಳದ ಬದಿಯ ಗೋಡೆ, ಪಾಗಾರದ ಮೇಲೆ ಬ್ಯಾಗು ಇಟ್ಟೆ, ಎಡಗೈ ಹಾಕಿದೆ, ಸಲೀಸಾಗಿ ಹೋಯಿತು. ಬಲಗೈಯನ್ನು ಹಿಂದೆ ತಿರುಗಿಸಿದೆ. ತಿರುಗಲಿಲ್ಲ. ಹೆಗಲು ಹಿಡಿದುಕೊಂಡದ್ದು ನೆನಪಾದದ್ದು ಆಗ. ಹೊಲಿಗೆ ನೋಡಿದೆ, ಬಟ್ಟೆ ನೋಡಿದೆ, ಬಕಲು ನೋಡಿದೆ. ಅದು ನನ್ನ ಬೆನ್ನಿಗೆ ಏರುದು ಹೇಗೆಂದು ನೋಡಲೇ ಇಲ್ಲ. ಜೀವಮಾನ ಇಡೀ ಯಾರೋ ಏರಿಸಿಕೊಟ್ಟದ್ದನ್ನು ಹೊತ್ತವಳಿಗೆ ಆ ಕೆಲಸ ತನ್ನದೆಂದು ಹೊಳೆಯುದು ಹೇಗೆ? ಆ ನೀಲಿ ಬ್ಯಾಗಿನ ಪಟ್ಟಿ ಸಡಿಲ ಮಾಡಿದರೆ ಕೋಣದ ಕಾಲೂ ಹೋಗುತ್ತಿತ್ತು.

ಬ್ಯಾಗು ಒಂದೇ ಹೆಗಲಲ್ಲಿ ನೇತಾಡಿತು. ನಾನು ಅದರ ಹಿಂದೆ ಕೈ ಹುಡುಕಿಕೊಂಡು ತಿರುಗಿದೆ, ಅದೂ ನನ್ನ ಜೊತೆ ತಿರುಗಿತು. ತನ್ನ ಬಾಲ ಹಿಡಿಯಲು ಹೋಗುವ ನಾಯಿಯನ್ನು ನೀವು ನೋಡಿರಬಹುದು.

ಪಾಗಾರದ ಆಚೆ ದೇವಕಿಯ ಮನೆ. ಮನೆ ಪಾಲಾದ ಮೇಲೆ ಅವಳು ಆ ಕಡೆ, ನಾನು ಈ ಕಡೆ. ಹಿಂದೆ ಅತ್ತೆಯ ಹಾಸಿಗೆಯ ಬದಿಯಲ್ಲಿ ನಿಂತ ಹಾಗೆಯೇ. ನಾವು ಮಾತು ಬಿಟ್ಟು ಎಷ್ಟೋ ಮಳೆಗಾಲ ಕಳೆಯಿತು. ಜಾಗದ್ದಲ್ಲ, ನೀರಿನದ್ದಲ್ಲ. ಒಂದು ಆಟಿ ತಿಂಗಳ ಜಡಿಮಳೆಯಲ್ಲಿ ನಾನು ಪತ್ರೊಡೆ ಮಾಡಿ ನೆಂಟರಿಗೆಲ್ಲ ಬಡಿಸಿದ್ದೆ. ದೇವಕಿ ಎಲ್ಲರ ಮುಂದೆ ಗಂಟಲು ಕೆರೆದು, "ಹುಳಿ ಕಡಿಮೆ ಆಗಿದೆ, ತುರಿಸ್ತದೆ," ಎಂದಳು. ಕೆಸುವಿನ ಎಲೆಗೆ ಹುಳಿ ಕಡಿಮೆ ಆದರೆ ತುರಿಸುತ್ತದೆ, ಅದು ಹೌದು. ನನ್ನ ಪತ್ರೊಡೆಯಲ್ಲಿ ಕಡಿಮೆ ಆಗಿರಲಿಲ್ಲ. ಅದನ್ನು ಈಗಲೂ ಹೇಳುತ್ತೇನೆ. ತುರಿಕೆ ಇದ್ದದ್ದು ಅವಳ ನಾಲಿಗೆಯಲ್ಲಿ.

ಅಂತಹ ದೇವಕಿ ಆ ದಿನ ಅಂಗಳ ಗುಡಿಸುತ್ತಿದ್ದವಳು ಹಿಡಿಸೂಡಿ ಬಿಟ್ಟು ನಿಂತಳು. ನನ್ನ ಹತ್ತಿರ ಮಾತಾಡಲಿಕ್ಕಿಲ್ಲವಲ್ಲ, ಕಾಲಬುಡದಲ್ಲಿದ್ದ ಬೆಕ್ಕಿನ ಹತ್ತಿರ ಮಾತಾಡಿದಳು.

"ಕೆಲವರು ಈ ವಯಸ್ಸಿನಲ್ಲಿ ಡಾನ್ಸು ಕಲೀತಾ ಇದ್ದಾರೆ, ನೋಡು."

ನಾನು ತಿರುಗುದು ನಿಲ್ಲಿಸಿದೆ. ಎರಡೇ ದಾರಿ ಇತ್ತು. ಬ್ಯಾಗನ್ನು ಮೊಳೆಗೆ ಹಾಕಿ ಒಳಗೆ ಹೋಗಿ ಕೂರುದು, ಆಮೇಲೆ ಮಲಗುದು, ಆಮೇಲೆ ಜಂತಿ ನೋಡುದು. ಇಲ್ಲದಿದ್ದರೆ ಆ ಮಾತು ಹೇಳುದು. ಗುಡ್ಡೆಯಷ್ಟು ಮುಳಿಹುಲ್ಲಿಗೆ ಆ ಮಾತು ಹೇಳುವಾಗ ನಾಚಿಕೆ ಆಗುತ್ತಿರಲಿಲ್ಲ. ಬೆಕ್ಕಿನ ಮರಿಯಷ್ಟು ಅಕ್ಕಿಗೆ ಹೇಳಲು ನಾಲಿಗೆ ಏಳಲಿಲ್ಲ.

"ಒಂದು ಕೈ ಕೊಡು," ಎಂದೆ. ಪಾಗಾರಕ್ಕೆ ಹೇಳಿದ ಹಾಗೆ ಹೇಳಿದೆ.

ದೇವಕಿ ಸುತ್ತು ಬಂದು ಗೇಟು ದೂಡಿ ಒಳಗೆ ಬಂದಳು. ಪಟ್ಟಿಯನ್ನು ಎಳೆದು ಅಗಲ ಮಾಡಿ, ನನ್ನ ಬಲಗೈಯನ್ನು ಮೊಣಕೈಯಲ್ಲಿ ಹಿಡಿದು ಒಳಗೆ ದಾಟಿಸಿದಳು. ಎಷ್ಟು ಎತ್ತಿದರೆ ನೋಯುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಅತ್ತೆಯ ಕೈ ಎತ್ತಿ ಅಭ್ಯಾಸ. ಬ್ಯಾಗನ್ನು ಕೆಳಗಿನಿಂದ ಎತ್ತಿ, "ಹೂಂ" ಎಂದು ಬೆನ್ನಿಗೆ ಕೂರಿಸಿದಳು. ಆಮೇಲೆ ಬೆಕ್ಕಿಗೆ ಹೇಳಿದಳು. "ಇಷ್ಟಕ್ಕಾ ಕೈ ಕೊಡುದು? ಪರ್ವತ ಹೊರ್ತಾರೆ ಎಂದುಕೊಂಡೆ."

ನಾನು ನಡೆದೆ. ಗುಡ್ಡೆಯ ದಾರಿಯಲ್ಲಿ ಸಿಕ್ಕಿದವರೆಲ್ಲ, "ಎಲ್ಲಿಗೆ ಪೂವಕ್ಕ, ಊರು ಬಿಡುದಾ?" ಎಂದು ಕೇಳಿದರು. ಎಲ್ಲಿಗೂ ಇಲ್ಲ ಎಂದು ಹೇಳಲು ಸವಣೂರಿನ ಆ ಬಾಟ್ಲಿಯವರಿಗೆ ಹೇಗೆ ಬಾಯಿ ಬಂತೋ. ನನಗೆ ಬರಲಿಲ್ಲ. ಒಬ್ಬರಿಗೆ ಪಕ್ಕದ ತಾಲೂಕಿನ ಕಡಬಕ್ಕೆ ಎಂದೆ, ಇನ್ನೊಬ್ಬರಿಗೆ ಕಾಶಿಗೆ ಎಂದೆ. ಕಡಬ ಎಂದದ್ದನ್ನು ಯಾರೂ ನಂಬಲಿಲ್ಲ.

ಮನೆಗೆ ವಾಪಸು ಬಂದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಹಾಕಲು ಆಗದ ಕೈಯಲ್ಲಿ ತೆಗೆಯಲೂ ಆಗುದಿಲ್ಲ. ತಲೆಹೊರೆಯಾದರೆ ಏರಿಸಿದವರು ಒಬ್ಬರು, ಇಳಿಸುವವರು ಪೇಟೆಯಲ್ಲಿ ಇನ್ನೊಬ್ಬರು. ಒಂದೇ ಮುಖವನ್ನು ಎರಡು ಸಲ ನೋಡುವ ಕಷ್ಟ ಇಲ್ಲ. ಈ ಎಲ್ಲಿಗೂ ಹೋಗದ ಹೊರೆಯಲ್ಲಿ ಹೊರಟಲ್ಲಿಗೇ ಬಂದು ನಿಲ್ಲಬೇಕು. ದೇವಕಿ ಜಗಲಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದಳು. ನಾನು ಬರುದನ್ನು ಕಂಡು ಕತ್ತರಿ ಕೆಳಗಿಟ್ಟಳು. ಎದ್ದದ್ದು ಮಾತ್ರ ನಾನು ಕೇಳಿದ ಮೇಲೆ. ಅದು ಅವಳ ಬುದ್ಧಿ.

ಹೀಗೆ ಬೇಸಗೆ ಕಳೆಯಿತು. ದಿನಕ್ಕೆ ಎರಡು ಸಲ, ಏರಿಸುವಾಗ ಒಂದು ಮಾತು, ಇಳಿಸುವಾಗ ಒಂದು ಮಾತು. ಎರಡೂ ಲೆಕ್ಕಕ್ಕಿಲ್ಲ. ಜಗಳ ಹಾಗೆಯೇ ಉಂಟು. ಶ್ರುತಿ ಒಂದು ದಿನ ರಜೆಯಲ್ಲಿ ಇದನ್ನು ನೋಡಿದಳು. "ಅಜ್ಜಿ, ಬ್ಯಾಗು ಬದಲಿಸಿ ನೀಲಿಯದ್ದು ತರುವಾ? ಅದಾದರೆ ನೀವೇ ಹಾಕಬಹುದು," ಎಂದಳು. ಹುಡುಗಿ ಹೇಳಿದ್ದು ಸರಿಯೇ. ಸರಿಯಾದದ್ದನ್ನೆಲ್ಲ ಒಪ್ಪುತ್ತಾ ಹೋದರೆ ಮನೆಯಲ್ಲಿ ನನ್ನ ಬೆಲೆ ಎಂತ ಉಳಿಯಿತು? "ಇದರ ಹೊಲಿಗೆ ನೋಡು," ಎಂದೆ.

ಮೊನ್ನೆಗೆ ಮೊದಲ ಮಳೆ ಬಂದು ಎರಡು ವಾರ ಆಗಿತ್ತು. ಬ್ಯಾಗು ಇಳಿಸುವಾಗ ದೇವಕಿ ಮೂಗು ಅರಳಿಸಿದಳು. ಬ್ಯಾಗಿನ ಬಾಯಿ ಬಿಚ್ಚಿ ಒಳಗೆ ಕೈ ಹಾಕಿ ಒಂದು ಹಿಡಿ ಅಕ್ಕಿ ತೆಗೆದು ನೋಡಿದಳು. ಬೆಕ್ಕು ಅಲ್ಲಿ ಇರಲಿಲ್ಲ. ಅಕ್ಕಿಗೇ ಹೇಳಿದಳು.

"ಬೆಳ್ತಿಗೆ. ಗುಡ್ಡೆ ಹತ್ತಿ ಇಳಿದು ಇದಕ್ಕೆ ಹುಳ ಬರುವ ಹೊತ್ತಾಯಿತು. ಹೊಸ ಅಕ್ಕಿ ಹಾಕಿಕೊಂಡು ಇದನ್ನು ನೆನೆಸಿ ಅರೆದರೆ ಪತ್ರೊಡೆಗೆ ಆಗ್ತದೆ. ನಮ್ಮ ಹಲಸಿನ ಮರದಲ್ಲಿ ಮರಕೆಸು ಬಂದಿದೆ."

ಸಂಜೆ ನೋಡಿದರೆ ಪಾಗಾರದ ಮೇಲೆ ಒಂದು ಕಟ್ಟು ಕೆಸುವಿನ ಎಲೆ. ಬಾಳೆಯ ನಾರಿನಲ್ಲಿ ಬಿಗಿಯಾಗಿ ಕಟ್ಟಿತ್ತು.

ಅಕ್ಕಿ ನೆನೆಸಿದೆ. ಮೆಣಸು, ಕೊತ್ತಂಬರಿ, ತೆಂಗಿನಕಾಯಿ ಎಲ್ಲ ಅರೆಯುವ ಕಲ್ಲಿನ ಹತ್ತಿರ ಇಟ್ಟುಕೊಂಡು, ಹುಳಿಯ ಉಂಡೆಯನ್ನು ಕೈಯಲ್ಲಿ ಹಿಡಿದು ಕೂತೆ. ಇಷ್ಟು ವರ್ಷ ಕಾದದ್ದು ಇದಕ್ಕೇ. ಹುಳಿ ಹಾಕದೆ ಮಾಡಿ ಒಂದು ತಟ್ಟೆ ಪಾಗಾರದ ಮೇಲೆ ಇಟ್ಟರೆ, ತುರಿಕೆ ಎಂದರೆ ಎಂತದೆಂದು ಅವಳಿಗೆ ಗೊತ್ತಾದೀತು. ಆಮೇಲೆ ಯೋಚನೆ ಬಂತು. ಗಂಟಲು ಹಿಡಿದುಕೊಂಡು ಅವಳು ಒಳಗೆ ಮಲಗಿದರೆ, ನಾಳೆ ಬೆಳಿಗ್ಗೆ ನನ್ನ ಬ್ಯಾಗು ಏರಿಸುವವರು ಯಾರು? ಏರಿಸಿದರೂ ಇಳಿಸುವವರು ಯಾರು?

ಹುಳಿಯನ್ನು ಸರಿಯಾಗಿಯೇ ಹಾಕಿದೆ. ಎಷ್ಟು ಹಾಕಿದೆ ಎಂದು ಅವಳಿಗೆ ಹೇಳುದಿಲ್ಲ.